ಬಿಸಿಲಲ್ಲಿ ಹಾಕಿದ ಹಾರ

ಬಂಡಳ್ಳಿಯ ಜನಕ್ಕೆ ಮೊದಲ ದಿನ ಬೇಜಾರಾದದ್ದು ಒಂದೇ ವಿಷಯಕ್ಕೆ. ಸಿನಿಮಾ ತೆಗೆಯಲು ಇಂಗ್ಲೆಂಡಿನಿಂದ ಬಂದ ಈ ಹೆಂಗಸು, ಬೆಳಗಾಗುವ ತನಕ ಆಡುವ ನಾಟಕವನ್ನು ಹಗಲು ಹೊತ್ತಿನಲ್ಲಿ ಆಡಿ ತೋರಿಸಿ ಅನ್ನುತ್ತಿದ್ದರು.

"ಬಿಸ್ಲಲ್ಲಿ ಬಣ್ಣ ಕರಗ್ತದೆ ಕಣವ್ವ. ಅದ್ನ ಅವರ್ಗೆ ಏಳು," ಎಂದರು ಹಾರ್ಮೋನಿಯಂ ಮೇಷ್ಟ್ರು ಗುರುಸಿದ್ದಯ್ಯ.

ದುಭಾಷಿಯಾಗಿ ಜೊತೆಗೆ ಬಂದಿದ್ದ ಮಾಲಿನಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಡೋರಿನ್ ಟ್ಯಾನ್ಸ್ಲಿ ನಕ್ಕು ಏನೋ ಉತ್ತರ ಕೊಟ್ಟರು. ಅದನ್ನು ಕನ್ನಡಕ್ಕೆ ತರಲು ಮಾಲಿನಿ ಬಾಯಿ ತೆರೆಯುವ ಮೊದಲೇ, ರಾಜನ ಪಾತ್ರ ಮಾಡುವ ಶಾಂತರಾಜು ಕಿರೀಟ ಸರಿಮಾಡಿಕೊಳ್ಳುತ್ತ, "ಗೊತ್ತಾಯ್ತು ಬುಡಿ ಮೇಡಂ. ಕರಗಿದ್ರೆ ಕರಗ್ಲಿ ಅಂತವ್ರೆ," ಎಂದ.

"ನಿಮಗೆ ಇಂಗ್ಲಿಷ್ ಬರುತ್ತಾ, ಶಾಂತರಾಜು ಅವರೇ?"

"ಇಲ್ಲ. ಅವರು ಮಾತಾಡ್ವಾಗ ನಾನು ಅವರ್ನ ನೋಡಲ್ಲ, ನಿಮ್ಮ ಮುಖ ನೋಡ್ತೀನಿ. ಅಲ್ಲಿ ಕನ್ನಡದಲ್ಲೇ ಬರ್ದಿರ್ತದೆ."

ಮಾಲಿನಿ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಬೇರೆ ಕಡೆ ನೋಡಿದಳು. ತನ್ನ ಮುಖದಲ್ಲಿ ಇನ್ನೂ ಏನೇನು ಬರೆದಿದೆಯೋ ಎಂದು ಅವಳಿಗೆ ದಿಗಿಲಾಯಿತು.

ಅವಳು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಯಳಂದೂರಿನ ಗದ್ದೆ, ಕೊಳ್ಳೇಗಾಲದ ಗೊಬ್ಬರದ ಅಂಗಡಿ ಎರಡನ್ನೂ ನೋಡಿಕೊಳ್ಳುವ ಗುರುಮಲ್ಲಪ್ಪನವರ ಒಬ್ಬಳೇ ಮಗಳು. ಒಂದು ಮಾತಾಡುವ ಮುಂಚೆ ಅದನ್ನು ಮನಸ್ಸಿನಲ್ಲಿ ಹತ್ತು ಸಲ ತಿರುವಿ ಹಾಕುವವಳು. ಬೇರೆಯವರ ಮಾತನ್ನು ಈ ಭಾಷೆಯಿಂದ ಆ ಭಾಷೆಗೆ ದಾಟಿಸುವ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಅದರಲ್ಲಿ ತನ್ನದೆನ್ನುವ ಮಾತು ಆಡಬೇಕಾಗಿರಲಿಲ್ಲ.

ಶಾಂತರಾಜು ಬಂಡಳ್ಳಿಯವನು. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ತೂಗುವ ಕೆಲಸ. ಅವನ ಕೇರಿಯವರು ಗುರುಮಲ್ಲಪ್ಪನವರ ಮನೆಗೆ ಬಂದರೆ ಜಗಲಿಯ ಕೆಳಗೇ ನಿಂತು ಮಾತಾಡಿ ಹೋಗುತ್ತಾರೆ. ಅದು ಮಾಲಿನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಮೊದಲ ಸಂಜೆ ಶಾಲೆಯ ಜಗಲಿಯಲ್ಲಿ ಕೂತು ಗುರುಸಿದ್ದಯ್ಯ ಡೋರಿನ್ ಅವರನ್ನು ಪರೀಕ್ಷೆ ಮಾಡಿದರು. ಯಾವ ಯಾವ ಪಾರ್ಟು ಮಾಡಿದ್ದೀರಿ ಎಂಬುದು ಪ್ರಶ್ನೆ. ಡೋರಿನ್ ಶಿಷ್ಯೆಯ ಹಾಗೆ ಉತ್ತರ ಕೊಟ್ಟರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಲಂಡನ್ನಿನ ರಂಗದ ಮೇಲೆ ಚಹಾದ ತಟ್ಟೆ ಹಿಡಿದು ಬಂದು, ಗಾಡಿ ಬಂದಿದೆ ಅಮ್ಮಾವ್ರೇ ಎಂದು ಹೇಳಿ ಹೋಗುವ ಪಾತ್ರ.

"ನಮ್ಮಲ್ಲಿ ದ್ವಾರಪಾಲಕನ ಪಾರ್ಟು ಅನ್ನಿ," ಎಂದರು ಗುರುಸಿದ್ದಯ್ಯ, ಸ್ವಲ್ಪ ಸಮಾಧಾನದಿಂದ.

ಆಮೇಲೆ ಟೀವಿಯಲ್ಲಿ ಪೊಲೀಸ್ ಅಧಿಕಾರಿಯ ತಂಗಿಯಾಗಿ ವರ್ಷಗಟ್ಟಲೆ. ಮಕ್ಕಳ ಬೊಂಬೆಯಾಟದಲ್ಲಿ ಒಂದು ಗೂಬೆಗೆ ದನಿ. ಆ ಗೂಬೆಯ ದನಿಯನ್ನು ಡೋರಿನ್ ಮಾಡಿ ತೋರಿಸಿದಾಗ ಇಡೀ ಜಗಲಿ ನಕ್ಕಿತು. ನಲವತ್ತು ದಾಟಿದ ಮೇಲೆ ಕರೆಯುವವರು ಕಡಿಮೆಯಾದರು. ತನಗಿಂತ ಎರಡೇ ವರ್ಷ ಚಿಕ್ಕವನಾದ ನಾಯಕನಿಗೆ ತಾಯಿಯ ಪಾತ್ರ ಬಂದಾಗ ಒಲ್ಲೆ ಎಂದು ಮನೆಗೆ ಹೋಗಿ ತಾವೇ ನಾಟಕ ಬರೆದರು. ಬರೆದದ್ದನ್ನು ಬೇರೆಯವರು ಆಡಿಸಿ ಕೆಡಿಸಿದಾಗ ತಾವೇ ಆಡಿಸಿದರು. ಹೀಗೆ ನಟಿ ಬರಹಗಾರ್ತಿಯಾದರು, ಬರಹಗಾರ್ತಿ ನಿರ್ದೇಶಕಿಯಾದರು. ಈಗ ಅರವತ್ತು ದಾಟಿ, ಊರೂರಿನಲ್ಲಿ ಹೊಲ ಉಳುತ್ತ, ಲಾರಿ ಓಡಿಸುತ್ತ ನಾಟಕ ಆಡುವವರ ಮೇಲೊಂದು ಸಿನಿಮಾ ತೆಗೆಯಲು ಇಲ್ಲಿಗೆ ಬಂದಿದ್ದರು.

ಎರಡನೇ ದಿನ ಕೊಳ್ಳೇಗಾಲಕ್ಕೆ ವಾಪಸ್ಸು ಬರುವಾಗ, ಹನೂರು ದಾಟಿದ ಮೇಲೆ, ಕಾರಿನಲ್ಲಿ ಡೋರಿನ್ ಇನ್ನೊಂದು ಕಥೆ ಹೇಳಿದರು. ಅದನ್ನು ಕನ್ನಡಕ್ಕೆ ತರಬೇಕಾಗಿರಲಿಲ್ಲ, ಮಾಲಿನಿಗೆ ಮಾತ್ರ ಹೇಳಿದ್ದು. ಹರೆಯದಲ್ಲಿ ಒಂದು ನಾಟಕದ ಕೊನೆಗೆ, ನೀನು ಇರು ಅಂದಿದ್ದರೆ ಇರುತ್ತಿದ್ದೆ ಎಂದು ಅವರು ನಾಯಕನಿಗೆ ಹೇಳಿ ಹೊರಟುಹೋಗುವ ಮಾತಿತ್ತು. ಆ ನಾಯಕನನ್ನು ಅವರು ನಿಜವಾಗಿಯೂ ಪ್ರೀತಿಸುತ್ತಿದ್ದರು. ಒಂದು ದಿನ ಆ ಮಾತನ್ನು ನಟಿಸದೆ ಹೇಳಿಬಿಟ್ಟರು. ಅವನು ತನ್ನ ಪಾಲಿನ ಮಾತು ಹೇಳಿದ. ಪರದೆ ಬಿತ್ತು. ಅಷ್ಟೆ.

"ಅವನಿಗೆ ಗೊತ್ತಾಗಲಿಲ್ಲವಾ?" ಎಂದಳು ಮಾಲಿನಿ.

"ನನಗೆ ಇವತ್ತಿಗೂ ತಿಳಿಯದು. ನಟಿ ತನ್ನ ಮಾತು ಮುಗಿಸಿ ಬೆನ್ನು ತಿರುಗಿಸಿ ಹೋಗಬೇಕು. ತಿರುಗಿದ ಮೇಲೆ ಎದುರಿನವನ ಮುಖದಲ್ಲಿ ಏನಾಯಿತು ಅಂತ ಅವಳಿಗೆ ಕಾಣಲ್ಲ. ಅದನ್ನ ನೋಡಬೇಕು ಅಂತಲೇ ಕ್ಯಾಮೆರಾ ಹಿಂದೆ ಹೋದೆನೋ ಏನೋ."

ಮಾರನೆ ದಿನ ತಾಲೀಮು. ರಾಣಿಯ ಪಾತ್ರಕ್ಕೆ ಮೈಸೂರಿನಿಂದ ಬರಬೇಕಿದ್ದ ನಟಿ ಯಶೋದ ಇನ್ನೂ ಬಂದಿರಲಿಲ್ಲ. ಆ ಜಾಗದಲ್ಲಿ ಸುಮ್ಮನೆ ನಿಂತುಕೋ ಎಂದು ಡೋರಿನ್ ಮಾಲಿನಿಯನ್ನೇ ನಿಲ್ಲಿಸಿದರು. ರಾಜ್ಯ ಬಿಟ್ಟು ಹೋಗುವ ರಾಜ ಕೊನೆಯ ಬಾರಿ ರಾಣಿಯನ್ನು ನೋಡುವ ದೃಶ್ಯ ಅದು. ಡೋರಿನ್ ಕ್ಯಾಮೆರಾದ ಪಕ್ಕದಿಂದ ಏನೋ ಕೂಗಿದರು.

"ಏನಂದ್ರು ಮೇಡಂ?" ಎಂದ ಶಾಂತರಾಜು.

"ರಾಣಿಯನ್ನ ಇನ್ನು ನೋಡೋಕೆ ಸಿಗಲ್ಲ ಅನ್ನೋ ಹಾಗೆ ನೋಡಬೇಕಂತೆ."

ಅವನು ನೋಡಿದ. ಅವನ ಎಡಗಣ್ಣಿನ ಕೆಳಗೆ ಬಿಳಿ ಬಣ್ಣ ಕರಗಿ, ಅದರ ಕೆಳಗಿನ ಸ್ವಂತ ಚರ್ಮ ಇಷ್ಟಗಲ ಕಾಣುತ್ತಿತ್ತು. ಮಾಲಿನಿ ಆ ಇಷ್ಟಗಲವನ್ನು ಮಾತ್ರ ನೋಡಿದಳು. ಅಷ್ಟರಲ್ಲಿ ಅವನು ತುಟಿ ಅಲ್ಲಾಡಿಸದೆ, "ಉಸ್ರಾಡಿ ಮೇಡಂ," ಎಂದ. ಅವಳಿಗೆ ನಗು ಬಂತು. ದೃಶ್ಯ ಕೆಟ್ಟಿತು.

ಚಿತ್ರೀಕರಣ ಶುರುವಾದ ದಿನ ಮೊದಲ ದೃಶ್ಯದಲ್ಲೇ ಗಲಾಟೆಯಾಯಿತು. ರಾಜ ಮಾತಾಡುತ್ತಿರುವಾಗಲೇ ಶಾಂತರಾಜುವಿನ ಸೋದರಮಾವ ಸೀದಾ ರಂಗದ ಮೇಲೆ ಹತ್ತಿ ಚೆಂಡುಹೂವಿನ ಹಾರ ಹಾಕಿದ. ಮೈಕಿನ ಮಾದಸ್ವಾಮಿ ಮಾವನ ಹೆಸರು ಕೂಗಿದ. ಶಾಂತರಾಜು ಕೈಮುಗಿದು, ಮಾವನವರಿಗೆ ಕಲಾಸೇವೆಯ ಪರವಾಗಿ ವಂದನೆಗಳು ಎಂದು ಹೇಳಿ, ಹಾರ ತೆಗೆದು ಹಾರ್ಮೋನಿಯಂ ಪಕ್ಕದ ಕುರ್ಚಿಗೆ ಹಾಕಿ, ಬಿಟ್ಟ ಮಾತಿನಿಂದಲೇ ಮುಂದುವರಿಸಿದ. ಡೋರಿನ್ ಕಂಗಾಲಾಗಿ ಕಟ್ ಎಂದರು. ನಮ್ಮ ಕಡೆ ನಾಟಕ ಅಂದರೆ ಹೀಗೇ, ಬೇಕಾದವರು ನಡುವೆಯೇ ಬಂದು ಹಾರ ಹಾಕುತ್ತಾರೆ ಎಂದು ಮಾಲಿನಿ ತಿಳಿಸಿದಳು. ಡೋರಿನ್ ಕಣ್ಣು ಅರಳಿತು. ಇನ್ನು ಯಾರು ಬಂದರೂ ಕಟ್ ಹೇಳಲ್ಲ ಎಂದರು.

ಆ ಮಾತು ಮಾಲಿನಿಯ ಮನಸ್ಸಿನಲ್ಲಿ ಉಳಿದುಕೊಂಡಿತು. ಯಾರು ಬೇಕಾದರೂ ಹಾಕಬಹುದು. ಹಾಕಿದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಅವನಿಗೆ ಬೇಕಿದ್ದರೆ ಅರ್ಥವಾಗುತ್ತದೆ. ಬೇಡವಾಗಿದ್ದರೆ ಅದು ಬರೀ ಹಾರ, ತನ್ನ ಮಾನ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಕೊಳ್ಳೇಗಾಲದ ಹೂವಿನ ಅಂಗಡಿಯಲ್ಲಿ ಮಲ್ಲಿಗೆಯ ನಡುವೆ ಮರುಗ ಸೇರಿಸಿ ಒಂದು ಹಾರ ಕಟ್ಟಿಸಿದಳು.

ರಾಜ ರಾಣಿಯನ್ನು ಬೀಳ್ಕೊಳ್ಳುವ ದೃಶ್ಯ ತೆಗೆದದ್ದು ಮಟಮಟ ಮಧ್ಯಾಹ್ನ. ಅಷ್ಟರಲ್ಲಿ ಯಶೋದ ಬಂದು ರಾಣಿಯ ಜಾಗದಲ್ಲಿ ನಿಂತಿದ್ದಳು. ಮಾಲಿನಿ ರಂಗದ ಮೆಟ್ಟಿಲು ಹತ್ತಿದಳು. ಅವನು ತಲೆ ಬಗ್ಗಿಸಿದ. ಅವಳು ಹಾರ ಹಾಕಿದಳು. ಅವನು ತಲೆ ಎತ್ತುವ ಮೊದಲೇ ತಿರುಗಿ ಇಳಿದುಬಿಟ್ಟಳು.

ಬೆನ್ನ ಹಿಂದೆ ಮೈಕಿನಲ್ಲಿ ಅವನ ದನಿ ಕೇಳಿಸಿತು: "ಮಾಲಿನಿ ಮೇಡಂ ಅವರಿಗೆ ಕಲಾಸೇವೆಯ ಪರವಾಗಿ ವಂದನೆಗಳು."

ಸೋದರಮಾವನಿಗೆ ಹೇಳಿದ ಮಾತೇ. ಒಂದಕ್ಷರ ಹೆಚ್ಚಿಲ್ಲ. ಅವಳು ನಿಲ್ಲದೆ ಶಾಲೆಯ ಹಿಂದಿನ ನಲ್ಲಿಗೆ ಹೋಗಿ ಮುಖ ತೊಳೆದಳು, ಮತ್ತೆ ಮತ್ತೆ ತೊಳೆದಳು. ವಾಪಸ್ಸು ಬಂದಾಗ ಅವನು ಬಣ್ಣ ಒರೆಸಿಕೊಂಡು ಕೂತಿದ್ದ. "ಊಟ ಆಯ್ತಾ ಮೇಡಂ?" ಎಂದು ಕೇಳಿದ. ಆಯ್ತು ಎಂದಳು. ಆಗಿರಲಿಲ್ಲ.

ಸಿನಿಮಾದವರು ಹೊರಟುಹೋದರು. ಅವನ ನಂಬರು ಅವಳ ಫೋನಿನಲ್ಲಿತ್ತು, ಅವಳ ನಂಬರು ಅವನ ಫೋನಿನಲ್ಲಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುವಾಗಲೆಲ್ಲ ಮಾಲಿನಿ ಪಾಠ ನಿಲ್ಲಿಸಿ ಕಿಟಕಿ ನೋಡುತ್ತಿದ್ದಳು. ತಾಯಿ ಶಿವರತ್ನಮ್ಮ ತಂದ ಗಂಡುಗಳಿಗೆ ಒಂದೊಂದು ಕಾರಣ ಹೇಳಿ ಬೇಡ ಅಂದಳು. ಯಾವುದಕ್ಕೆ ಕಾಯುತ್ತಿದ್ದೀಯೆ ಎಂದು ತಾಯಿ ಕೇಳಿದಾಗ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಳು.

ಎರಡನೇ ವರ್ಷದ ಮಾಘದಲ್ಲಿ ಡೋರಿನ್ ಸಿನಿಮಾ ಹಿಡಿದು ಬಂದರು. ಯಳಂದೂರಿನ ಒಂದು ಕಲ್ಯಾಣಮಂಟಪದಲ್ಲಿ, ಬೆಳಗಿನ ಹೊತ್ತು, ಕಿಟಕಿಗಳಿಗೆ ಕಂಬಳಿ ಕಟ್ಟಿ ಪ್ರದರ್ಶನ. ಮಾಲಿನಿ ಹಸಿರು ಸೀರೆ ಉಟ್ಟಿದ್ದಳು. ಅದನ್ನು ಆರಿಸಲು ಹಿಂದಿನ ಸಂಜೆಯೆಲ್ಲ ಹಿಡಿದಿತ್ತು. ಬಾಗಿಲಲ್ಲಿ ಶಾಂತರಾಜು ಕಂಡ. ಅವನ ಪಕ್ಕದಲ್ಲಿ ತುಂಬು ಬಸುರಿಯೊಬ್ಬಳು, ಜಡೆ ತುಂಬ ಮಲ್ಲಿಗೆ.

"ನಮ್ಮನೆಯೋರು, ರತ್ನ," ಎಂದ ಅವನು.

ಮಾಲಿನಿ ನಕ್ಕಳು. ಏನು ಮಾತಾಡಿದಳೋ ಅವಳಿಗೇ ನೆನಪಿಲ್ಲ. ಡೋರಿನ್ ಪಕ್ಕ ಹೋಗಿ ಕೂತಳು.

ಪರದೆಯ ಮೇಲೆ ಆ ಮಧ್ಯಾಹ್ನ ಬಂತು. ಮಾಲಿನಿ ತನ್ನ ಬೆನ್ನನ್ನು ತಾನೇ ನೋಡಿದಳು, ಅದು ಅವಸರದಲ್ಲಿ ಮೆಟ್ಟಿಲಿಳಿದು ಪರದೆಯಿಂದ ಹೊರಗೆ ಹೋಯಿತು. ಕ್ಯಾಮೆರಾ ಅವನ ಮೇಲೆ ನಿಂತಿತು. ಅವನು ವಂದನೆ ಹೇಳಿದ. ವಾಡಿಕೆಯಂತೆ ಕೈಗಳು ಹಾರ ತೆಗೆಯಲು ಕುತ್ತಿಗೆಗೆ ಹೋದವು. ಅಲ್ಲೇ ನಿಂತವು. ಮಲ್ಲಿಗೆಯನ್ನು ಒಮ್ಮೆ ಮುಟ್ಟಿ ಕೆಳಗಿಳಿದವು. ಅವನು ಅವಳು ಹೋದ ದಿಕ್ಕನ್ನು ನೋಡುತ್ತಿದ್ದ. ಮಾವ, ಭಾವಂದಿರ ಹಾರಗಳೆಲ್ಲ ಕುರ್ಚಿಯ ಮೇಲೆ ರಾಶಿ ಬಿದ್ದಿದ್ದವು. ಇದೊಂದನ್ನು ಹಾಕಿಕೊಂಡೇ ಅವನು ರಾಣಿಗೆ ಹೇಳುವ ಮಾತನ್ನೆಲ್ಲ ಆ ದಿಕ್ಕಿಗೆ ಹೇಳಿ ಮುಗಿಸಿದ. ಕೆನ್ನೆಯ ಮೇಲೆ ಬಣ್ಣ ಗೆರೆಗೆರೆಯಾಗಿ ಕರಗುತ್ತಿತ್ತು. ಜನ ಒಳ್ಳೆಯ ನಟನೆಗೆಂದು ಚಪ್ಪಾಳೆ ತಟ್ಟಿದರು, ಮಾದಸ್ವಾಮಿ ಸೀಟಿ ಹೊಡೆದ.

ಡೋರಿನ್ ಅವಳ ಕೈ ಹಿಡಿದುಕೊಂಡರು. ಅವರಿಗೂ ಬಾಗಿಲಲ್ಲೇ ರತ್ನಳ ವಿಷಯ ತಿಳಿದದ್ದು. "ಅವತ್ತೇ ನಿನಗೆ ತೋರಿಸಬೇಕಿತ್ತು," ಎಂದರು ಮೆಲ್ಲಗೆ. "ನೀನು ಸಿನಿಮಾದಲ್ಲೇ ನೋಡಿದಾಗ ನಿನ್ನ ಮುಖ ನೋಡೋಣ ಅಂತ ಇಟ್ಟುಕೊಂಡೆ. ನನ್ನ ಕಸುಬು ನನ್ನನ್ನ ಹಾಳು ಮಾಡಿದೆ, ಮಗಳೇ."

ಮಾಲಿನಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಆ ಮುದುಕಿ ತನಗಿಂತ ಹೆಚ್ಚು ಅಳುತ್ತಿದ್ದುದರಿಂದ ಬರಲಿಲ್ಲ.

ಊಟದ ಗದ್ದಲದಲ್ಲಿ ಶಾಂತರಾಜು ಮಂಟಪದ ಹೊರಗೆ ಬೈಕಿನ ಬಳಿ ಒಬ್ಬನೇ ಇದ್ದ. ಮಾಲಿನಿ ಹೋಗಿ ನಿಂತಳು. ಈ ಸಲ ಮಾತನ್ನು ಮೊದಲೇ ತಿರುವಿ ಹಾಕಲಿಲ್ಲ.

"ಆ ಹಾರ ಯಾಕೆ ತೆಗೀಲಿಲ್ಲ?"

ಅವನು ಬೀಗದ ಕೈ ತಿರುಗಿಸುತ್ತ ಇದ್ದ. "ಕೈ ಬರ್ನಿಲ್ಲ ಮೇಡಂ."

"ಮತ್ತೆ ಯಾಕೆ ಸುಮ್ಮನಾದಿರಿ?"

"ಆರ ಎಲ್ರೂ ಆಕ್ತಾರೆ. ಗುರುಮಲ್ಲಪ್ಪನೋರ ಮಗಳು ಆಕಿದ್ದನ್ನ ನಾನು ಬೇರೆ ಏನು ಅಂತ ತಿಳ್ಕಳದು? ತಿಳ್ಕಂಡ್ರೂ ಯಾರ್ ತಾವ ಏಳದು?" ಅವನು ಬೈಕಿನ ಕನ್ನಡಿಯ ಧೂಳು ಒರೆಸಿದ. "ಒಂದ್ಸಾರಿ ತಿರುಗಿ ನೋಡ್ತೀರ ಅಂತ ಕಾದೆ. ಅಷ್ಟೇ ಸಾಕಾಗಿತ್ತು ನಂಗೆ. ಕಾಲೇಜ್ ತಾವ್ಕೂ ಬಂದಿದ್ದೆ. ನಿಮ್ಮಪ್ಪಾವ್ರ ಕಾರು ನಿಂತಿತ್ತು. ಅಂಗೇ ವಾಪಸ್ ಓದೆ."

"ನನಗೆ ಭಯ ಆಯ್ತು, ಶಾಂತರಾಜು."

"ನಂಗೂ."

ಹೆಸರಿಗೆ ಅಂಟಿಸಿಕೊಂಡು ಬರುತ್ತಿದ್ದ "ಅವರೇ" ಅವಳಿಗೆ ತಿಳಿಯದೆಯೇ ಬಿದ್ದುಹೋಗಿತ್ತು. ಅವನಿಗೆ ಅದು ಕೇಳಿಸಿತೆಂದು ಅವನ ಕಣ್ಣಿನಲ್ಲಿ ಕಂಡಿತು. ಇಬ್ಬರೂ ಅದನ್ನು ಅಲ್ಲಿಯೇ ಬಿಟ್ಟರು.

ರತ್ನ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಬಂದಳು. ಸಿನಿಮಾದಲ್ಲಿ ಏನು ಕಂಡಳೋ, ಏನು ಕಾಣಲಿಲ್ಲವೋ. ಮಾಲಿನಿಯ ಬರಿದಾದ ಜಡೆಯನ್ನು ನೋಡಿ, "ಇದೇನ್ ಮೇಡಂ, ಇಂತಾ ಸೀರೆ ಉಟ್ಕಂಡು ಊವಿಲ್ದೆ ಬಂದಿದ್ದೀರಿ," ಎಂದು ತನ್ನ ಜಡೆಯ ಮಲ್ಲಿಗೆ ಬಿಚ್ಚಿ, ಹಲ್ಲಿನಿಂದ ದಾರ ಕಡಿದು, ಅರ್ಧ ಅವಳ ಕೈಗಿಟ್ಟಳು. "ಮುಡ್ಕಳಿ. ಬಸುರಿ ಕೊಟ್ಟಿದ್ದನ್ನ ಬ್ಯಾಡ ಅನ್ಬಾರ್ದು."

ಮಾಲಿನಿ ಮುಡಿದುಕೊಂಡಳು. ರತ್ನಳ ಕೆನ್ನೆ ಮುಟ್ಟಿ, ಒಳ್ಳೆಯದಾಗಲಿ ಎಂದಳು. ಆ ಮಾತು ಮನಸ್ಸಿನಿಂದಲೇ ಬಂತು, ಅದು ಅವಳಿಗೂ ಆಶ್ಚರ್ಯ.

ಕೊಳ್ಳೇಗಾಲದ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟವಳು, ಈ ಸಲ ತಿರುಗಿ ನೋಡಿದಳು.

ರತ್ನ ಬೈಕಿನ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಶಾಂತರಾಜು ಇತ್ತಲೇ ನೋಡುತ್ತಿದ್ದ. ರಂಗದ ಮೇಲೆ ಮಾಡುತ್ತಿದ್ದ ಹಾಗೆಯೇ ಎರಡೂ ಕೈ ಎದೆಯ ಹತ್ತಿರ ತಂದು ಮುಗಿದ. ಮೈಕಿರಲಿಲ್ಲ, ಯಾರ ಹೆಸರನ್ನೂ ಯಾರೂ ಕೂಗಲಿಲ್ಲ.

ಬಸ್ಸು ಹೊರಟಿತು. ಬಿಸಿಲಿಗೆ ಬಾಡುತ್ತಿದ್ದ ಮಲ್ಲಿಗೆಯನ್ನು ಮಾಲಿನಿ ಒಮ್ಮೆ ಮುಟ್ಟಿ ನೋಡಿಕೊಂಡಳು. ತೆಗೆಯಲು ಕೈ ಬರಲಿಲ್ಲ.