ಒಂದು ಕಿಲೋ

ಹೊಲಿಗೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ, “ಗುಂಡೀ, ವೈರ್‌ಮನ್ ಬಂದ ನೋಡು” ಎಂಬ ಕೂಗು ಕೇಳಿಸಿತು. ಗುಂಡಿ ಎಂದರೆ ಸ್ವಿಚ್ಚು ಎಂದುಕೊಂಡು ನಾನು ಗೋಡೆಯ ಕಡೆ ನೋಡಿದೆ. ಬಂದವಳು ಮನೆಯ ಮಗಳು. ಕೊರಳಲ್ಲಿ ಅಳತೆಯ ಟೇಪು, ಹುಬ್ಬಿನ ಮೇಲೆ ಸೀಮೆಸುಣ್ಣದ ಗೆರೆ.

“ಗೋಡೇಲಿ ಯಾರನ್ನ ಹುಡುಕ್ತಿದೀರಿ?”

“ನಿಮ್ಮನ್ನೇ,” ಎಂದುಬಿಟ್ಟೆ. ಕಿವಿ ಬಿಸಿಯಾಯಿತು.

ಅವಳ ತಾಯಿ ಆಸ್ಪತ್ರೆಯ ದಾದಿಯರಿಗೆ ಸಮವಸ್ತ್ರ ಹೊಲಿಯುತ್ತಿದ್ದರು. ಆ ವರ್ಷ ಮೂರು ಮೋಟಾರು ಹೊಲಿಗೆ ಯಂತ್ರಗಳನ್ನು ಕೊಂಡಿದ್ದರು, ಇಡೀ ಕೋಣೆಯನ್ನು ಮಗಳ ಕೈಗೆ ಒಪ್ಪಿಸುವವರಿದ್ದರು. ಗೋಡೆಯೊಳಗಿನ ಹಳೆಯ ತಂತಿ ಅಷ್ಟನ್ನೂ ತಡೆದೀತೇ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ.

ಅವಳು ಒಂದೊಂದನ್ನೇ ತಿರುಗಿಸಿ ಬೆನ್ನಿನ ತಗಡಿನಲ್ಲಿದ್ದುದನ್ನು ಓದಿದಳು. ನಾನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ.

“ಮಿಷನ್ನು ನೂರು ವಾಟ್. ಮೂರೂ ಅಷ್ಟೇ.”

“ಮುನ್ನೂರು.”

“ಟ್ಯೂಬ್‌ಲೈಟ್ ಎರಡು, ನಲವತ್ತು ನಲವತ್ತು. ಫ್ಯಾನು ಎಪ್ಪತ್ತು.”

ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ, “ಇದು ಒಂದು ಕಿಲೋ” ಎಂದಳು.

“ನೀವು ಎತ್ತಿದ್ದು ನೋಡಿದ್ರೆ ಅರ್ಧ ಕಿಲೋನೂ ಇಲ್ಲ.”

“ಅಯ್ಯೋ, ತೂಕ ಅಲ್ಲ ಮಹರಾಯರೇ!”

ಅವಳು ನಕ್ಕಳು. ನಾನು ಆ ನಗುವನ್ನು ನೋಡುತ್ತ, ಮುನ್ನೂರು, ಎಂಬತ್ತು, ಎಪ್ಪತ್ತರ ಕೆಳಗೆ ‘1’ ಎಂದು ಬರೆದೆ. ಕೂಡಿದರೆ ನಾನೂರ ಐವತ್ತೊಂದು ವಾಟ್. ಇನ್ನೂರ ಮೂವತ್ತು ವೋಲ್ಟಿನಿಂದ ಭಾಗಿಸಿದರೆ ಎರಡೇ ಆಂಪಿಯರ್.

“ಹಳೇ ತಂತೀನೇ ಧಾರಾಳ ಆಯ್ತಮ್ಮ,” ಎಂದು ಗತ್ತಿನಿಂದ ಹೇಳಿ ಬಂದೆ.

ವಾರವಾಗಲಿಲ್ಲ, ಕರೆ ಬಂತು. ಸ್ವಿಚ್‌ಬೋರ್ಡಿನ ಹಿಂದೆ ತಂತಿ ಕರಗಿ ಹೊಗೆಯೆದ್ದಿತ್ತು. ಮರುದಿನ ಕೊಡಬೇಕಾಗಿದ್ದ ಬಿಳಿಯ ಸಮವಸ್ತ್ರಗಳೆಲ್ಲ ಮಸಿಯಾಗಿದ್ದವು. ದೇವರು ದೊಡ್ಡವನು, ಯಾರಿಗೂ ಏನೂ ಆಗಿರಲಿಲ್ಲ.

“ಏನಪ್ಪಾ, ಧಾರಾಳ ಅಂದಿದ್ದೆ?” ಎಂದರು ತಾಯಿ.

ನನ್ನ ನಾಲಿಗೆ ನನಗಿಂತ ಮುಂದೆ ಓಡಿತು. “ನಾನು ಬರ್ಕೊಂಡಿದ್ದಕ್ಕಿಂತ ಜಾಸ್ತಿ ಏನೋ ಹಾಕಿದಾರೆ, ಅಮ್ಮ.”

ತಾಯಿ ಮಗಳ ಕಡೆ ತಿರುಗಿದರು. “ಹೀಟರ್ ಗೀಟರ್ ಹಚ್ಚಿದ್ಯೇನೇ? ನಿನ್ನ ನಂಬಿ ಕೋಣೆ ಬಿಟ್ಟುಕೊಡ್ತಿದ್ನಲ್ಲ! ಇನ್ನು ಇದರ ಹೊಸ್ತಿಲು ತುಳಿಬೇಡ.”

ಅವಳು ನನ್ನನ್ನೇ ನೋಡಿದಳು. ಕೊರಳಿನ ಟೇಪು ತೆಗೆದು ಯಂತ್ರದ ಮೇಲಿಟ್ಟು ಹೊರಗೆ ಹೋದಳು.

ಮನೆಗೆ ಬಂದು ಪುಸ್ತಕ ತೆರೆದೆ. ಸಾವಿರ ಇರಬೇಕಾದ ಕಡೆ ಒಂದು ಕೂತಿತ್ತು. ಕಿಲೋವಾಟ್ ಎಂದರೆ ಸಾವಿರ ವಾಟ್ ಎಂಬುದು ಈ ಕಸುಬಿನ ಮೊದಲ ದಿನದ ಪಾಠ. ನಿಜವಾದ ಮೊತ್ತ ಸಾವಿರದ ನಾನೂರ ಐವತ್ತು. ಆರು ಆಂಪಿಯರ್ ದಾಟುತ್ತದೆ. ಐದನ್ನಷ್ಟೇ ತಡೆಯುವ ಆ ಸಣ್ಣ ತಂತಿ ಬೇಯದೆ ಇನ್ನೇನು ಮಾಡೀತು?

ಎರಡು ದಿನ ಹೆದರಿ ಕೂತೆ. ಊರೆಲ್ಲ ನಗುತ್ತದೆ, ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂದು. ದೇವರ ಮುಂದೆ ಕೈ ಮುಗಿಯುತ್ತಿದ್ದೆ, ಕಣ್ಣೆತ್ತಲು ಆಗುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೋದೆ. ಬಟ್ಟೆ ಕೊಡಲು ಬಂದಿದ್ದ ಇಬ್ಬರು ದಾದಿಯರು ಬೆಂಚಿನ ಮೇಲಿದ್ದರು. ಅವರು ಹೋಗಲಿ ಎಂದು ಕಾಯಬಹುದಿತ್ತು. ಕಾದರೆ ಧೈರ್ಯವೂ ಹೋದೀತೆಂದು ಅಲ್ಲೇ ಪುಸ್ತಕ ತೆರೆದೆ.

“ಅಮ್ಮ, ನಿಮ್ಮ ಮಗಳು ಏನೂ ಮಾಡಿಲ್ಲ. ಸರಿಯಾಗೇ ಓದಿದ್ರು. ತಪ್ಪಾಗಿ ಬರ್ಕೊಂಡೋನು ನಾನು. ಸುಳ್ಳು ಹೇಳಿದವನೂ ನಾನೇ.”

ಒಬ್ಬ ದಾದಿ ಕಿಸಕ್ಕೆಂದಳು. ತಾಯಿ ಬಹಳ ಹೊತ್ತು ಪುಸ್ತಕ ನೋಡಿದರು. “ಮೂರು ದಿನದಿಂದ ನನ್ನ ಮಗು ಸರಿಯಾಗಿ ಉಂಡಿಲ್ಲ ಕಣಯ್ಯಾ,” ಎಂದರು. ಬೈದಿದ್ದರೆ ವಾಸಿಯಾಗಿತ್ತು. ಆಮೇಲೆ ಒಳಗೆ ತಿರುಗಿ, “ಗುಂಡೀ, ಬಾರೇ. ನಿನ್ನ ಕೋಣೆ ನೀನೇ ನೋಡ್ಕೋ,” ಎಂದರು.

ದಪ್ಪ ತಂತಿ ಎಳೆಯುವಾಗ ಅವಳು ಏಣಿ ಹಿಡಿದು ನಿಂತಳು.

“ನಿಮಗೆ ಗೊತ್ತಿತ್ತಾ?” ಎಂದೆ ಮೆಲ್ಲಗೆ.

“ಬೋರ್ಡು ಸುಟ್ಟ ದಿನಾನೇ ಗೊತ್ತಾಯ್ತು. ನಾನು ಬೇರೇನೂ ಹಚ್ಚಿರ್ಲಿಲ್ವಲ್ಲ.”

“ಯಾಕೆ ಹೇಳಲಿಲ್ಲ?”

“ನೀವೇ ಹೇಳ್ತೀರೇನೋ ಅಂತ ಕಾದೆ. ಇವತ್ತೂ ಬರದೇ ಇದ್ದಿದ್ರೆ ಬೇರೆ ವೈರ್‌ಮನ್‌ನ ಹುಡುಕ್ತಿದ್ದೆ.” ತಂತಿಯ ತುದಿಯನ್ನು ಮೇಲಕ್ಕೆ ಕೊಡುತ್ತ, “ತಂತಿಗೆ ಮಾತ್ರ ಅಲ್ಲ,” ಎಂದಳು.

ಏಣಿಯ ಮೇಲೆ ನಾನು ಒಂದು ಮೆಟ್ಟಿಲು ತಪ್ಪಿದೆ. “ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದೆ.

“ಹಿಡ್ಕೊಂಡೇ ಇದೀನಿ. ನೀವು ಕೆಳಗೆ ನೋಡ್ಬೇಡಿ.”

ಮುಂದಿನ ವರ್ಷ ನಮ್ಮ ಮದುವೆಯಾಯಿತು. ನಲವತ್ತೊಂದು ವರ್ಷ ಬಾಳಿದೆವು, ಬೇಕಾದಷ್ಟು ಜಗಳವಾಡಿದೆವು. ಎಂಥ ಜಗಳದಲ್ಲೂ ಅವಳು ಆ ಮೂರು ದಿನಗಳ ಮಾತೆತ್ತಲಿಲ್ಲ. ಎತ್ತಿದ್ದರೆ ನನ್ನ ನಾಚಿಕೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಹೋದ ತಿಂಗಳು ಅವಳು ಹಾಸಿಗೆ ಹಿಡಿದಾಗ, ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ. “ಆ ಮೂರು ದಿನ ನಿನ್ನ ಬೈಸಿದ್ನಲ್ಲ, ಕ್ಷಮಿಸ್ತೀಯಾ?”

ಅವಳು ಕಣ್ಣು ತೆರೆದಳು. “ಯಾವ ಮೂರು ದಿನ?” ಎಂದಳು.

ನನಗೆ ತಿಳಿದಂತೆ, ಅವಳು ನನಗೆ ಹೇಳಿದ ಸುಳ್ಳು ಅದೊಂದೇ.