ಎಡಭುಜದ ಅಳತೆ

ಮೊದಲ ದಿನವೇ ನಾನು ಅವನಿಗೆ ಬೈದಿದ್ದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನ ಅಂಗಡಿ. ಬೋರ್ಡಿನ ಮೇಲೆ ‘ನಾರ್ಬು ಟೈಲರ್ಸ್’ ಎಂದಿದೆ. ನಾರ್ಬು ಅವನ ತಾತ. ಟಿಬೆಟ್‌ನಿಂದ ಹಿಮ ದಾಟಿ ಬಂದು, ಕೊನೆಗೆ ನಮ್ಮ ಒಡೆಯರಪಾಳ್ಯದ ಕ್ಯಾಂಪಿನಲ್ಲಿ ನೆಲೆ ನಿಂತವರು. ಒಂದು ಕೈಮಿಷನ್ ಇಟ್ಟುಕೊಂಡು ಶುರುಮಾಡಿ, ಹನೂರಿನಿಂದ ಯಳಂದೂರಿನವರೆಗೆ ಮದುಮಕ್ಕಳಿಗೆಲ್ಲ ಕೋಟು ಹೊಲಿದರು. ಈಗ ಮೊಮ್ಮಗ ಪಾಸಾಂಗ್ ಕೊಳ್ಳೇಗಾಲದ ರೇಷ್ಮೆಯಲ್ಲೇ ಉದ್ದನೆ ಜಾಕೆಟ್ಟು, ಗೌನು ಅಂತ ಏನೇನೋ ಡಿಸೈನ್ ಮಾಡುತ್ತಾನೆ. ಮೈಸೂರಿನಿಂದ ಫೋನಿನಲ್ಲಿ ಆರ್ಡರ್ ಬರುತ್ತವೆ. ಊರವರು ಅವನನ್ನು ಪಾಸಣ್ಣ ಅನ್ನುತ್ತಾರೆ.

ನನ್ನ ಕೆಲಸ ಸೀರೆಗೆ ಕುಚ್ಚು ಕಟ್ಟುವುದು. ಮಾಂಬಳ್ಳಿಯ ನಮ್ಮ ಮನೆಯಲ್ಲಿ ವಾರವಿಡೀ ಕಟ್ಟಿ, ಮಂಗಳವಾರ ಬಸ್ಸಿನಲ್ಲಿ ತಂದು ಸೀರೆ ಅಂಗಡಿಗಳಿಗೆ ಕೊಡುತ್ತೇನೆ. ಅಂಥದೊಂದು ಮಂಗಳವಾರ, ಸೀರೆ ಅಂಗಡಿಯವರ ಬ್ಲೌಸ್ ಬಟ್ಟೆ ಕೊಡಲು ಅವನ ಅಂಗಡಿಗೆ ಹೋದೆ.

ಒಳಗೆ ಕಾಲಿಟ್ಟಾಗ ಒಮ್ಮೆ ನೋಡಿದ. ಬ್ಯಾಗು ಕೆಳಗಿಡುವಾಗ ಒಮ್ಮೆ. ಹೊರಡಲು ತಿರುಗಿದಾಗ ಇನ್ನೊಮ್ಮೆ.

“ಏನ್ ಸಾ, ಹಂಗ್ ನೋಡ್ತಿದ್ದೀರಿ? ಮನೇಲಿ ಅಕ್ಕತಂಗೀರು ಇಲ್ವಾ?”

ಅವನು ಕತ್ತರಿ ಕೆಳಗಿಟ್ಟ. “ಅಕ್ಕ ಅವಳೆ ಕಣ್ರಿ, ಬೈಲಕುಪ್ಪೇಲಿ. ಅವಳ್ನೂ ಹಿಂಗೇ ನೋಡ್ತೀನಿ. ನಮ್ಮನೇಲಿ ಅಳತೆ ತಗೊಳ್ಳೋದೇ ಹಿಂಗೆ. ನಮ್ ತಾತ ಟೇಪು ಮುಟ್ಟಿದ್ದೇ ಇಲ್ಲ.”

“ನಾನು ಬಟ್ಟೆ ಹೊಲ್ಸಕ್ಕೆ ಬಂದಿಲ್ಲ.”

“ಗೊತ್ತು. ಕಣ್ಣು ಕೇಳ್ಬೇಕಲ್ಲ.”

ಅಚ್ಚ ಕೊಳ್ಳೇಗಾಲದ ಮಾತು, ಆ ಮುಖದಲ್ಲಿ. ನಗು ಬಂತು. ನಗಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಬ್ಬಳೇ ನಕ್ಕೆ.

ಒಂದು ಮಾತು ಹೇಳಬೇಕು. ನನ್ನ ಎಡಭುಜ ಬಲಭುಜಕ್ಕಿಂತ ಕೆಳಗಿದೆ. ಒಂಬತ್ತು ವರ್ಷದವಳಿದ್ದಾಗ ಓಡುತ್ತಿದ್ದ ಟ್ರ್ಯಾಕ್ಟರಿಗೆ ಜೋತುಬಿದ್ದು ಕಬ್ಬು ಎಳೆಯಲು ಹೋಗಿ ಬಿದ್ದೆ. ಮೂಳೆ ಕೂಡಿತು, ಆದರೆ ಸೊಟ್ಟ ಕೂಡಿತು. ನನಗೆ ಸೆರಗು ನಿಲ್ಲುವುದಿಲ್ಲ. ಪಿನ್ನು ಹಾಕಿದರೂ ಜಾರುತ್ತದೆ. ಹಾಗಾಗಿ ಒಂದು ಕೈ ಸದಾ ಸೆರಗಿನ ಮೇಲೆಯೇ. ಬಿದ್ದು ಹದಿನೆಂಟು ವರ್ಷವಾಯಿತು; ಸೀರೆ ಉಡಲು ಶುರುಮಾಡಿದಾಗಿನಿಂದ ಹಾಗೇ.

ಆಮೇಲೆ ಪ್ರತಿ ಮಂಗಳವಾರವೂ ಅವನ ಅಂಗಡಿಗೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಹುಟ್ಟದಿದ್ದರೆ ನಾನೇ ಹುಟ್ಟಿಸುತ್ತಿದ್ದೆ.

“ನಂಜಮಣಿಯವ್ರೆ, ಈ ಕುಚ್ಚು ಒಂದು ಉದ್ದ, ಒಂದು ಗಿಡ್ಡ.”

“ಕನ್ನಡಕ ಹಾಕೊಳ್ಳಿ ಪಾಸಣ್ಣ.”

“ಅಣ್ಣ ಅನ್ಬೇಡಿ ಮಾರಾಯ್ರೆ. ಊರವ್ರೆಲ್ಲ ಅನ್ಲಿ. ನೀವು ಬ್ಯಾಡ.”

ಅಷ್ಟು ಹೇಳಿ ಬಟ್ಟೆಯ ಮೇಲೆ ಬಗ್ಗಿಬಿಟ್ಟ. ಕಿವಿ ಕೆಂಪಗಾಗಿತ್ತು. ಆ ವಾರ ನಾನು ಕಟ್ಟಿದ ಕುಚ್ಚು ನಿಜಕ್ಕೂ ಒಂದು ಉದ್ದ, ಒಂದು ಗಿಡ್ಡ ಆದವು. ಕಟ್ಟುವುದು, ಬಿಚ್ಚುವುದು. ಬಾಗಿಲಿಗೆ ಹೋಗಿ ನಿಲ್ಲುವುದು. ಒಳಗೆ ಬಂದರೆ ಯಾಕೆ ಬಂದೆನೆಂದು ಮರೆಯುವುದು. ಸೋಮವಾರವಂತೂ ಮುಗಿಯುತ್ತಲೇ ಇರಲಿಲ್ಲ.

ಆರು ತಿಂಗಳು ಹೀಗೆ ಹೋಯಿತು. ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಕುಂತೂರಿನಿಂದ ಗಂಡು ಬಂತು. ಶಿವಕುಮಾರಸ್ವಾಮಿ, ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸ, ನಮ್ಮವರೇ. ಭಾನುವಾರ ನೋಡಲು ಬರುತ್ತಾರೆ ಎಂದು ಗೊತ್ತಾಯಿತು. ಅದಕ್ಕೆ ಮುಂಚೆ ನಾಲ್ಕು ಕಡೆಯವರು ನನ್ನ ಭುಜ ನೋಡಿ, ಕಾಫಿ ಕುಡಿದು, ‘ಫೋನ್ ಮಾಡ್ತೀವಿ’ ಎಂದು ಹೋಗಿದ್ದರು. ನಮ್ಮವ್ವ ಚನ್ನಮಲ್ಲಮ್ಮ ಈ ಸಲ ಉಪಾಯ ಹೂಡಿದಳು.

“ಹೊಸ ರವಿಕೆಗೆ ಎಡಗಡೆ ಒಳಗೆ ಸ್ಪಂಜು ಇಟ್ಟು ಹೊಲಿಸ್ಕಂಡ್ ಬಾ. ಎಲ್ಡೂ ಭುಜ ಸಮ ಕಾಣ್ಬೇಕು. ಮದ್ವೆ ಆದ್ಮೇಲೆ ಗೊತ್ತಾದ್ರೆ ಆಗ್ಲಿ, ಆಗ ಯಾರು ವಾಪಸ್ ಕಳಿಸ್ತಾರು?”

ಬಟ್ಟೆಯ ಜೊತೆಗೆ ಅಳತೆ ರವಿಕೆಯನ್ನೂ ಪಾಸಾಂಗ್‌ನ ಮುಂದಿಟ್ಟು ಎಲ್ಲ ಹೇಳಿದೆ. ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದೆ. ಏನಾದರೂ ಅನ್ನುತ್ತಾನೇನೋ ಎಂದು.

“ಭಾನುವಾರಾನಾ?”

“ಭಾನುವಾರ.”

“ಇಟ್ಟೋಗಿ. ಬಸ್ಸಲ್ಲಿ ಕಳಿಸ್ತೀನಿ.”

ಅವತ್ತು ಒಂದು ಸಲವೂ ನನ್ನನ್ನು ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಕಂಡಕ್ಟರು ಪೊಟ್ಟಣ ಕೊಟ್ಟ. ಬಿಚ್ಚಿದರೆ, ಅಳತೆ ರವಿಕೆಯನ್ನು ನಾನು ಹೇಗೆ ಮಡಚಿ ಕೊಟ್ಟಿದ್ದೆನೋ ಹಾಗೇ ಇದೆ. ಹೊಸ ರವಿಕೆಯಲ್ಲಿ ಸ್ಪಂಜಿಲ್ಲ. ಅವ್ವನ ಎದುರಿಗೇ ತೊಟ್ಟೆ. ಎಲ್ಲಿಯೂ ಎಳೆಯಲಿಲ್ಲ, ಎಲ್ಲಿಯೂ ಸಡಿಲವಿಲ್ಲ. ಎಡಗಡೆಯನ್ನು ಬೇರೆಯೇ ಕತ್ತರಿಸಿದ್ದ. ಕತ್ತಿನ ಬಳಿ ಚೂರು ಏರಿಸಿ, ತೋಳಿನ ಕೂಡುವಿಕೆಯನ್ನು ನನ್ನ ಮೂಳೆ ಇಳಿದಷ್ಟೇ ಇಳಿಸಿದ್ದ. ಸೆರಗು ಹಾಕಿದೆ. ನಿಂತಿತು. ಕೈ ತೆಗೆದೆ. ಆಗಲೂ ನಿಂತಿತು. ಆ ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಅವ್ವ ಹತ್ತಿರ ಬಂದು ಭುಜ ಒತ್ತಿ ನೋಡಿದಳು. ಅವಳ ಮುಖ ಬದಲಾಯಿತು.

“ಇದು ಅಳತೆ ರವಿಕೆ ಇಟ್ಕಂಡು ಹೊಲ್ದಿರೋದಲ್ಲ. ನಿನ್ ಮೈ ನೋಡಿ ಹೊಲ್ದವ್ನೆ. ಎಷ್ಟ್ ದಿನದಿಂದ ನೋಡ್ತಾವ್ನೆ ಅವ್ನು?”

ನಮ್ಮ ಊರಿನಲ್ಲಿ ಹೆಂಗಸರು ಗಂಡು ಟೈಲರನಿಗೆ ಅಳತೆ ರವಿಕೆ ಕೊಡುತ್ತಾರೆಯೇ ಹೊರತು ಅಳತೆ ಕೊಡುವುದಿಲ್ಲ. ಅಳತೆ ಇಲ್ಲದೆ ಹೊಲಿದದ್ದು ಮೈಗೆ ಕೂತರೆ ಊರವರ ಬಾಯಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಾಗೆ ಕಣ್ಣಲ್ಲೇ ನೋಡಿ ಹೊಲಿಯುವುದೇ ಅವನ ಮನೆಯಲ್ಲಿ ದೊಡ್ಡ ಮರ್ಯಾದೆ ಎಂದು ಅವ್ವನಿಗೆ ಹೇಗೆ ಹೇಳುವುದು?

ನನಗೆ ಸಿಟ್ಟು ಬಂತು. ನಾಳೆ ಗಂಡಿನ ಕಡೆಯವರು ಬರುತ್ತಾರೆ. ಇವತ್ತು ಇವನು ನನ್ನ ಮಾನವನ್ನು ಕಂಡಕ್ಟರನ ಕೈಯಲ್ಲಿ ಕಳಿಸಿದ್ದಾನೆ. ಅವ್ವ ಕೂಗುತ್ತಿದ್ದರೂ ನಿಲ್ಲದೆ ಬಸ್ ಹತ್ತಿದೆ. ಕೊಳ್ಳೇಗಾಲದಲ್ಲಿ ಅಂಗಡಿಗೆ ಬೀಗ. “ಪಾಸಣ್ಣ ಕ್ಯಾಂಪಿಗೋದ,” ಎಂದರು ಪಕ್ಕದವರು. ಒಡೆಯರಪಾಳ್ಯಕ್ಕೆ ಹೋಗುವ ಲೊಕ್ಕನಹಳ್ಳಿ ಕಡೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಬೈಗುಳ ಪೋಣಿಸುತ್ತಾ ಹೋದೆ. ಇಳಿಯುವಾಗ ಒಂದೂ ನೆನಪಿರಲಿಲ್ಲ.

ಅವನ ಮನೆಯ ಮುಂದೆ ಮುಸುಕಿನ ಜೋಳ ಒಣಗಿಸಿದ್ದರು. ಜಗಲಿಯ ಮೇಲೆ ಅವನ ಅಜ್ಜಿ ಜಪಮಣಿ ಎಣಿಸುತ್ತಾ ಕೂತಿದ್ದರು. ನನ್ನ ಮುಖ ನೋಡಿದ್ದೇ ಒಳಗೆ ಹೋಗಿ ಲೋಟ ತಂದರು. “ಮೊದ್ಲು ಕುಡಿ ಮಗ. ಆಮ್ಯಾಕೆ ಬೈಯಿ.”

ಉಪ್ಪು ಹಾಕಿದ ಬೆಣ್ಣೆ ಟೀ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಕುಡಿದ ಮೇಲೆ ನನ್ನ ದನಿ ಅರ್ಧ ಇಳಿದುಹೋಯಿತು. ಅಜ್ಜಿ ಜೋಳದ ಮೇಲೆ ಕೈಯಾಡಿಸಲು ಅಂಗಳಕ್ಕೆ ಇಳಿದರು.

ಪಾಸಾಂಗ್ ಮಿಷನ್ ಮುಂದೆ ಕೂತಿದ್ದ.

“ಸ್ಪಂಜು ಯಾಕಿಡ್ಲಿಲ್ಲ?”

“ಇಡಕ್ಕೆ ಕೂತೆ ಕಣ್ರಿ. ಎರಡು ಸಲ. ಕೈ ಬರ್ಲಿಲ್ಲ.”

“ನಿಮ್ಮ ಕೈ ಬರ್ದಿದ್ರೆ ನನ್ನ ಗತಿ? ನಾಳೆ ಅವ್ರು ನನ್ನ ನೋಡಿ ಎದ್ದೋದ್ರೆ?”

ಅವನು ಮಿಷನ್ನಿನಿಂದ ಕೈ ತೆಗೆದು ಹೇಳಿದ. “ನಮ್ ತಾತನ ಜೊತೆ ಹಿಮದಲ್ಲಿ ನಡ್ಕೊಂಡು ಬಂದೋರಲ್ಲಿ ಯಾರೂ ನೆಟ್ಟಗೆ ಬರ್ಲಿಲ್ಲ. ಒಬ್ರಿಗೆ ಬೆರಳಿಲ್ಲ, ಒಬ್ರಿಗೆ ಬೆನ್ನು ಗೂನು, ಒಬ್ರಿಗೆ ಒಂದು ಕೈಯೇ ಇಲ್ಲ. ಇಲ್ಲಿಗ್ ಬಂದ್ಮೇಲೆ ತಾತ ಅವ್ರಿಗೆಲ್ಲ ಅಂಗಿ ಹೊಲಿದ್ರು. ಒಬ್ರ ಅಂಗಿ ಇನ್ನೊಬ್ರಿಗೆ ಆಗ್ತಿರ್ಲಿಲ್ಲ. ಹತ್ತಿ ತುಂಬಿ ಮೈ ಮುಚ್ಚಬೇಡ, ಮೈ ಹೆಂಗಿದ್ಯೋ ಹಂಗೆ ಬಟ್ಟೆ ಬಗ್ಗಿಸು ಅಂತಿದ್ರು. ನಾನು ಕಲಿತಿರೋದು ಅದೊಂದೇ. ನಿಮಗೆ ಮಾತ್ರ ಹೆಂಗೆ ಬೇರೆ ಮಾಡ್ಲಿ?”

“ಅದು ನಿಮ್ ತಾತನ ಮಾತಾಯ್ತು. ನಿಮ್ ಮಾತು ಏನು?”

“ಆರು ತಿಂಗಳಿಂದ ನೋಡ್ತಿದ್ದೀನಿ. ನೀವು ನಕ್ಕಾಗ ಮೊದ್ಲು ಎಡಭುಜ ಏಳುತ್ತೆ. ಆಮೇಲೆ ಬಾಯಿ ನಗುತ್ತೆ. ಆ ಕೈ ಸೆರಗಿಂದ ಬಿಡಿಸ್ಬೇಕು ಅನ್ಕೊಂಡೇ ದಿನಾ ಮಲಗ್ತಿದ್ದೆ.”

“ಅದನ್ನ ಬಾಯಲ್ಲಿ ಹೇಳಕ್ಕೇನಾಗಿತ್ತು?”

“ಟೈಲರ್ ಬಾಯಲ್ಲಿ ಮಾತೆಲ್ಲಿರುತ್ತೆ? ಪಿನ್ ಇರುತ್ತೆ.”

ನನಗೆ ನಗು ಬಂತು. ಅವನು ನನ್ನ ಭುಜವನ್ನೇ ನೋಡುತ್ತಿದ್ದಾನೆಂದು ಗೊತ್ತಾಗಿ ನಾಚಿಕೆಯೂ ಆಯಿತು.

“ನಾಳೆ ಅವ್ರು ಒಪ್ಪಿಬಿಟ್ರೆ?”

“ಒಪ್ಪಿದ್ರೆ ಒಳ್ಳೇದೇ. ನಿಮ್ಮ ನಿಜವಾದ ಭುಜಾನೇ ಒಪ್ಪಿದಂಗಾಯ್ತು.” ಹೀಗೆ ಹೇಳಿ ಜೋರಾಗಿ ಮಿಷನ್ ತುಳಿದ. ಸೂಜಿಗೆ ದಾರವೇ ಪೋಣಿಸಿರಲಿಲ್ಲ.

ಭಾನುವಾರ ಅದೇ ರವಿಕೆ ತೊಟ್ಟೆ. ಅವ್ವ ಕೈಮುಗಿದಳು, ಗದರಿದಳು, ಕೊನೆಗೆ ಸುಮ್ಮನಾದಳು. ಕುಂತೂರಿನವರು ಬಂದರು. ಎರಡೂ ಕೈಯಲ್ಲಿ ತಟ್ಟೆ ಹಿಡಿದು ಅವರ ಮುಂದೆ ಹೋದೆ. ನನ್ನ ಬುದ್ಧಿ ಬಲಿತ ಮೇಲೆ ಎರಡೂ ಕೈಯಲ್ಲಿ ತಟ್ಟೆ ಹಿಡಿದದ್ದು ಅದೇ ಮೊದಲು.

ಶಿವಕುಮಾರಸ್ವಾಮಿ ಒಳ್ಳೆಯವನು. ಮನೆಯ ಹಿಂದೆ ಹುಣಸೆ ಮರದ ಕೆಳಗೆ ಇಬ್ಬರನ್ನೇ ಮಾತಾಡಲು ಬಿಟ್ಟಾಗ ನೇರವಾಗಿ ಕೇಳಿದ. “ಭುಜಕ್ಕೇನಾಗಿತ್ತು?”

“ಕಬ್ಬಿನ ಟ್ರ್ಯಾಕ್ಟರಿಂದ ಬಿದ್ದೆ.”

“ನಮ್ ಫ್ಯಾಕ್ಟರಿಗೆ ಬರ್ತಿದ್ದ ಟ್ರ್ಯಾಕ್ಟರೇ ಇರ್ಬೇಕು!” ಎಂದು ನಕ್ಕ. “ಪರವಾಗಿಲ್ಲ ಬಿಡಿ. ನಾನು ಅದನ್ನೆಲ್ಲ ನೋಡಲ್ಲ. ನಮ್ಮವ್ವಂಗೂ ನೀವು ಇಷ್ಟ ಆಗಿದ್ದೀರಿ.”

ಹದಿನೆಂಟು ವರ್ಷದಿಂದ ಯಾರಾದರೂ ‘ಪರವಾಗಿಲ್ಲ’ ಅನ್ನಲಿ ಎಂದು ಕಾದಿದ್ದೆ. ಸಿಕ್ಕಿತು. ನೋಡಿದರೆ ಹೊಟ್ಟೆ ತುಂಬಲಿಲ್ಲ. ಇವನು ನನ್ನ ಭುಜವನ್ನು ಮನ್ನಿಸಿ ನೋಡದೆ ಬಿಡುವವನು. ಅಲ್ಲೊಬ್ಬ ಅದನ್ನೇ ಆರು ತಿಂಗಳು ನೋಡಿ ಕಲಿತವನು. ತಪ್ಪು ಇವನದಲ್ಲ. ಅದೇ ಕಷ್ಟವಾಗಿತ್ತು. ಕೆಟ್ಟವನಾಗಿದ್ದರೆ ಬೇಡ ಅನ್ನುವುದು ಎಷ್ಟು ಸುಲಭ!

“ನಿಮ್ಮಲ್ಲಿ ಏನೂ ಕುಂದಿಲ್ಲ,” ಎಂದೆ. “ನನ್ನ ಮನಸ್ಸು ಬೇರೆ ಕಡೆ ಅದೆ. ನೆನ್ನೆತಂಕ ನಂಗೇ ಸರಿಯಾಗಿ ಗೊತ್ತಿರ್ಲಿಲ್ಲ. ತಾಂಬೂಲ ಆದ್ಮೇಲೆ ಹೇಳಿದ್ರೆ ನಿಮಗೆ ಮೋಸ.”

ಅವನು ಚಪ್ಪಲಿಯಿಂದ ಒಂದು ಹುಣಸೆ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದ. “ಇವತ್ತೇ ಹೇಳಿದ್ರಿ. ಒಳ್ಳೇದಾಯ್ತು. ನಮ್ ಕಡೆಯಿಂದ್ಲೇ ಬ್ಯಾಡ ಅಂತ ಹೇಳಿಸ್ಲಾ? ನಿಮಗೆ ಕೆಟ್ಟೆಸ್ರು ಬ್ಯಾಡ.”

“ಬ್ಯಾಡ ಬಿಡಿ. ನಮ್ಮನೆಯವ್ರಿಗೆ ನಾನೇ ಹೇಳ್ತೀನಿ.”

ಹೇಳಿದೆ. ಹೇಳಿದ ಮೇಲೆ ಮೂರು ವಾರ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ಮನುಷ್ಯರು ಮಾತಾಡಲಿಲ್ಲ. ಅವ್ವ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಬಡಿಸುವಳು. “ಯಾವ ದೇಶ, ಯಾವ ದೇವ್ರು? ನೆಂಟ್ರು ಕೇಳಿದ್ರೆ ಏನ್ ಹೇಳ್ಲಿ?” ಎಂದು ಒಲೆಗೆ ಹೇಳುವಳು. ಅಪ್ಪ ಷಡಕ್ಷರಿ ಒಂದೂ ಮಾತಾಡದೆ ಗದ್ದೆಗೆ ಹೋಗಿ ಬರುವನು. ಕೊಳ್ಳೇಗಾಲಕ್ಕೆ ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ನಾನೇ ಹೋಗಲಿಲ್ಲ. ಕದ್ದು ನೋಡುವುದು ನನಗೆ ಬೇಕಿರಲಿಲ್ಲ.

ಪಾಸಾಂಗ್ ಫೋನ್ ಮಾಡಿದ. ನಡೆದದ್ದನ್ನೆಲ್ಲ ಹೇಳಿದೆ. “ನಾನು ಬಂದು ನಿಮ್ಮಪ್ಪನ ಹತ್ರ ಮಾತಾಡ್ಲಾ?”

“ಬ್ಯಾಡ. ಕಾಯಿರಿ.”

“ಎಷ್ಟು ದಿನ?”

“ನನಗೇನ್ ಗೊತ್ತು? ಕಾಯಿರಿ ಅಂದ್ರೆ ಕಾಯಿರಿ.” ಫೋನಿಟ್ಟು ಅಂಗಳಕ್ಕೂ ಅಡುಗೆಮನೆಗೂ ಹತ್ತು ಸಲ ನಡೆದೆ.

ನಾಲ್ಕನೆಯ ಮಂಗಳವಾರ ಅಪ್ಪ ಬಿಳಿ ಅಂಗಿ ತೊಟ್ಟು ಹೊರಟ. ಎಲ್ಲಿಗೆಂದು ಹೇಳಲಿಲ್ಲ. ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂತು ನೀರು ಕೇಳಿದ.

“ಕೊಳ್ಳೇಗಾಲಕ್ಕೋಗಿದ್ದೆ. ಅವ್ನ ಅಂಗಡಿ ಎದ್ರು ಟೀ ಅಂಗ್ಡೀಲಿ ಒಂದ್ ಗಂಟೆ ಕೂತಿದ್ದೆ. ನಾನ್ಯಾರು ಅಂತ ಅವ್ನಿಗೊತ್ತಿಲ್ಲ.”

ನಾನು ಅವನ ಲೋಟಕ್ಕೆ ಇನ್ನಷ್ಟು ನೀರು ಬಗ್ಗಿಸಿದೆ.

“ಒಬ್ಬ ಮುದುಕ ಬಂದಿದ್ದ. ಬೆನ್ನು ಬಿಲ್ಲಂಗೆ ಬಗ್ಗೋಗ್ಯದೆ. ನಿನ್ ಹುಡ್ಗ ಅವ್ನಿಗೆ ಅಂಗಿ ತೊಡಿಸ್ದ. ಕೆಳಗ್ ಕೂತ್ಕಂಡು, ಅಂಚು ಎಳ್ದು, ಮತ್ತೆ ಎದ್ದು ನೋಡ್ದ. ಮುದುಕ ಕನ್ನಡಿ ಮುಂದೆ ನಿಂತ. ನಿಂತೋನು ಕದಲ್ಲೇ ಇಲ್ಲ. ಮದ್ವೆ ಗಂಡಿನಂಗೆ ನಗ್ತಾ ನಿಂತಿದ್ದ.” ಅಪ್ಪ ಲೋಟ ಕೆಳಗಿಟ್ಟ. “ಮನೆಗ್ ಬರೇಳು. ಅವ್ರಜ್ಜೀನೂ ಕರ್ಕಂಡ್ ಬರ್ಲಿ, ಊಟಕ್ಕೆ. ಮುಂದಿಂದು ಆಮೇಲೆ.”

ಅಡುಗೆಮನೆಯಲ್ಲಿ ಸದ್ದು ನಿಂತಿತು. “ಅವ್ರು ಮಾಂಸ ತಿನ್ನೋರಲ್ವಾ?” ಅವ್ವನ ದನಿ, ಗೋಡೆಯ ಕಡೆಯಿಂದ.

“ಹುಣ್ಣಿಮೆ ದಿನ ಆ ಮನೇಲಿ ಮುಟ್ಟಲ್ಲ ಕಣವ್ವ.”

ಒಳಗೆ ಡಬ್ಬಿಯೊಂದರ ಮುಚ್ಚಳ ತೆಗೆದ ಸದ್ದು. ಆಮೇಲೆ, “ಹುಣ್ಣಿಮೆ ಯಾವತ್ತು?”

ಅಪ್ಪ ಕ್ಯಾಲೆಂಡರ್ ನೋಡಿದ. “ಗುರುವಾರ.”

“ಒಬ್ಬಟ್ಟು ಮಾಡ್ಬೇಕಾದ್ರೆ ಬ್ಯಾಳೆ ತರ್ಬೇಕು. ಕೂತ್ಕಂಡಿದ್ರೆ ಆಯ್ತದಾ?”

ನಾನು ಹಿತ್ತಲಿಗೆ ಓಡಿ ಫೋನ್ ಮಾಡಿದೆ. ಆ ಕಡೆ ಮಿಷನ್ ಗಡಗಡ ಓಡುತ್ತಿತ್ತು.

“ಗುರುವಾರ ಅಜ್ಜೀನ ಕರ್ಕೊಂಡು ನಮ್ಮನೆಗೆ ಊಟಕ್ಕೆ ಬನ್ನಿ. ಅಪ್ಪ ಕರೀತಾವ್ನೆ.”

ಮಿಷನ್ ನಿಂತುಹೋಯಿತು.

“ಪಾಸಾಂಗ್? ಕೇಳಿಸ್ತಾ?”

“ಕೇಳಿಸ್ತು. ಹೊಲಿಗೆ ಸೊಟ್ಟ ಹೋಯ್ತು.”

“ಬಿಚ್ಚಿ ಮತ್ತೆ ಹೊಲೀರಿ.”

“ಇಲ್ಲ. ಇವತ್ತಿನ ಗುರುತಿಗೆ ಅದು ಹಂಗೇ ಇರ್ಲಿ.”

ಹಿಂದಿನಿಂದ ಯಾರೋ ಗಿರಾಕಿ ಗಾಬರಿಯಾಗಿ ಕೂಗಿದ. “ಏನ್ ಸಾ, ಹಂಗೇ ಇರ್ಲಿ ಅಂತೀರಿ? ಅದು ನನ್ ಪ್ಯಾಂಟು ಕಣ್ ಸಾ!”

“ನಿಮಗೆ ಹೊಸಾದು ಹೊಲ್ಕೊಡ್ತೀನಿ ಮಾರಯ್ಯ,” ಎಂದ ಪಾಸಾಂಗ್. “ಇದು ನಂಗ್ ಬೇಕು.”