ಕೇಂದ್ರ ಸುರಪುರಕ್ಕೆ

"ಕೇಂದ್ರ ಸುರಪುರದಲ್ಲೇ ಆಗಬೇಕು" ಎಂದು ಹೇಳಿ ಮುಗಿಸಿದ ಮೋನಮ್ಮ, ನೋಡಬಾರದೆಂದುಕೊಂಡಿದ್ದ ಮುಖವನ್ನೇ ನೋಡಿಬಿಟ್ಟಳು. ಅಂಬ್ರಪ್ಪ ಕೈಕಟ್ಟಿ ಕುಳಿತಿದ್ದ. ನಗಲಿಲ್ಲ, ಮುನಿಯಲೂ ಇಲ್ಲ. ಯಾದಗಿರಿಯ ಆ ಸಭೆ ಮುಗಿಯುವ ಮೊದಲೇ ಎದ್ದು ಹೋದ.

ಬಳಿಚಕ್ರದ ಮೋನಮ್ಮ ಈಗ ಪ್ರಾದೇಶಿಕ ಅಭಿವೃದ್ಧಿಯ ಸಂಶೋಧನಾ ತಂಡವೊಂದರ ಮುಖ್ಯಸ್ಥೆ. ಕಾಲುವೆ ನೀರು ಬಂದು ಇಷ್ಟು ವರ್ಷವಾದರೂ ಇಲ್ಲಿನ ಹತ್ತಿ, ಮೆಣಸಿನಕಾಯಿ ಕಚ್ಚಾ ಸರಕಾಗಿಯೇ ಲಾರಿ ಏರಿ ಹೊರಗೆ ಹೋಗುತ್ತಿದ್ದವು. ಹೊಸ ಯಂತ್ರ, ಹೊಸ ಕೆಲಸ ಇಲ್ಲೇ ಹುಟ್ಟಬೇಕೆಂದು ಸರ್ಕಾರ ಒಂದು ಕೇಂದ್ರ ತೆರೆಯಲಿತ್ತು. ಅದು ಎಲ್ಲಿರಬೇಕೆಂದು ಹೇಳುವುದು ಅವಳ ಹೊಣೆ.

ಶಹಾಪುರದಲ್ಲಿ ಮೆಣಸಿನಕಾಯಿ ಒಣಗಿಸುವ ಯಂತ್ರ ಮಾಡುವ ಅಂಬ್ರಪ್ಪ ತನ್ನ ವರ್ಕ್‌ಶಾಪಿನ ಪಕ್ಕದ ಜಾಗ ಕೊಡಲು ಮುಂದೆ ಬಂದಿದ್ದ. ಅವಳು ಹಳ್ಳಿ ಸುತ್ತುವಾಗ ಜೊತೆಗೂ ಬಂದಿದ್ದ. ದೋರನಹಳ್ಳಿಯ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು ಅವಳ ಕಣ್ಣು ತುಂಬಿದಾಗ, "ಬಳಿಚಕ್ರದಾಗ ಖಾರ ತಿನ್ನಂಗಿಲ್ಲೇನ್ರಿ?" ಎಂದು ಕಾಡಿಸಿದ್ದ. ನೀರಿನ ಲೋಟ ಕೊಡುತ್ತಾ ಮೆಲ್ಲಗೆ, "ಇಲ್ಲೇ ಇದ್ದುಬಿಡ್ರಿ" ಎಂದಿದ್ದ.

ಕೇಂದ್ರಕ್ಕಾಗಿ ಅಂದನೋ, ತನಗಾಗಿಯೋ? ಅವಳಿಗೆ ತಿಳಿಯಲಿಲ್ಲ. ಅಂದಿನಿಂದ ಅವನ ಕಣ್ಣು ತಪ್ಪಿಸಿದಳು. ಶಹಾಪುರದಲ್ಲಿ ಆಗಲೇ ವರ್ಕ್‌ಶಾಪುಗಳಿದ್ದವು. ಸುರಪುರದಲ್ಲಿ ಕಲಿತ ಹುಡುಗರಿದ್ದರು, ಯಂತ್ರಗಳಿರಲಿಲ್ಲ. ತೀರ್ಮಾನ ಸರಿಯೇ ಇತ್ತು. ಆದರೂ ಏನನ್ನೋ ಕಳೆದುಕೊಂಡಂತೆ ಒಳಗೆಲ್ಲ ಕಸಿವಿಸಿ.

ಮರುದಿನ ಬೆಳಿಗ್ಗೆ ತಡೆಯಲಾಗದೆ ಶಹಾಪುರದ ಬಸ್ಸು ಹತ್ತಿದಳು. ವರ್ಕ್‌ಶಾಪಿನ ಮುಂದೆ ಅಂಬ್ರಪ್ಪ ತನ್ನ ಯಂತ್ರವನ್ನು ಟೆಂಪೊಗೆ ಏರಿಸಿ ಹಗ್ಗ ಬಿಗಿಯುತ್ತಿದ್ದ.

"ಎಲ್ಲಿಗ್ರಿ ಇದು?"

"ಸುರಪುರಕ್ಕ. ಅಲ್ಲಿ ಹುಡುಗರಿಗೆ ಕಲಿಯಾಕ ಒಂದು ಮಷೀನಾದ್ರೂ ಬೇಕಲ್ರಿ."

"ಮತ್ತ ನಿನ್ನೆ ಯಾಕ ಎದ್ದು ಹೋದ್ರಿ?"

"ಟೆಂಪೊದವನಿಗೆ ಹೇಳಾಕ."

ಅವಳಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ಸಿಟ್ಟು ಬಂದಿಲ್ಲೇನ್ರಿ?"

"ಬಂದೈತ್ರಿ. ಜಾಗದ ಸಲುವಾಗಿ ಅಲ್ಲ. ಅವತ್ತಿಂದ ನಿನ್ನೆ ಕೇಂದ್ರದ ಮಾತು ಮುಗಿಯೋ ತನಕ ಒಂದ್ಸಲನೂ ನನ್ನ ಕಡಿ ನೋಡಿಲ್ಲ ನೀವು."

"ನೋಡಿದ್ರ ಕೇಂದ್ರ ಶಹಾಪುರಕ್ಕ ಬಂದುಬಿಡ್ತಿತ್ತು," ಎಂದಳು ಮೋನಮ್ಮ. "ಅದಕ್ಕ ನೋಡ್ಲಿಲ್ಲ."

ಅಂಬ್ರಪ್ಪನ ಕೈಯ ಹಗ್ಗ ಜಾರಿತು. ತಿರುಗಿ ಅವಳನ್ನೇ ನೋಡಿದ. ಈ ಸಲ ಅವಳೂ ಕಣ್ಣು ತಗ್ಗಿಸಲಿಲ್ಲ.

"ಕೇಂದ್ರ ಎಲ್ಲಿದ್ರೂ ಇರ್ಲಿ ಬಿಡ್ರಿ," ಎಂದ. "ನೀವು ನನ್ನ ಸಂಗಾಟ ಇರ್ತೀರೇನು?"

ಅವಳು ಟೆಂಪೊದ ಮುಂದಿನ ಸೀಟಿನಲ್ಲಿ ಹತ್ತಿ ಕುಳಿತಳು.

"ಸುರಪುರಕ್ಕ ಆಮ್ಯಾಲಿ ಹೋಗೋಣು. ಮೊದಲ ಬಳಿಚಕ್ರಕ್ಕ, ನಮ್ಮವ್ವನ ಹತ್ರ ನಡೀರಿ," ಎಂದಳು.

"ಈ ಮಷೀನ್ ಹೇರಿಕೊಂಡಾ?"

"ಹೌದ್ರಿ. ಅಳಿಯ ಏನು ಮಾಡ್ತಾನಂತ ಕೇಳ್ತಾಳಲ್ಲ."